ಹಿಡಿಯ ಮೇಲಿನ ಹೆಬ್ಬೆಟ್ಟು

"ಅದನ್ನ ಕೆರೀಬೇಡಿ..."

ಮಾತು ಮುಗಿಯುವ ಮೊದಲೇ ಅವಳ ಕೈ ಮೇಜಿನಾಚೆ ಚಾಚಿ ಅವನ ಮಣಿಕಟ್ಟು ಹಿಡಿದಿತ್ತು.

ಬ್ಲೇಡು ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಅವನ ಇನ್ನೊಂದು ಕೈಯಲ್ಲಿ ಅವಳ ಮನೆಯ ಕೆಟಲಿನ ಹಿಡಿ. ಬೆಳಿಗ್ಗೆ ಚಹಾಕ್ಕೆ ನೀರು ಬಗ್ಗಿಸುವಾಗ ಅದು ಹಳೇ ಬಿರುಕಿನಲ್ಲೇ ಕಳಚಿ, ಕುದಿನೀರು ಅವಳ ಪಾದದ ಮೇಲೆ ಬಿದ್ದಿತ್ತು. ಪಾದಕ್ಕೆ ಮುಲಾಮು ಹಚ್ಚುವ ಮೊದಲು ಅವಳು ನೆಲದಿಂದ ಎತ್ತಿಕೊಂಡದ್ದು ಈ ಹಿಡಿಯನ್ನು.

ಅವಳು ಕೈ ಹಿಂದಕ್ಕೆ ತೆಗೆದಳು. ಒಬ್ಬ ಗಂಡಸಿನ ಕೈ ಮುಟ್ಟಿ ವರ್ಷದ ಮೇಲಾಗಿತ್ತು. ಬೆಚ್ಚಗಿತ್ತು. ಅಷ್ಟೇ.

"ಮೇಡಂ, ಹಳೇ ಅಂಟು ಕೆರೆಯದೆ ಹೊಸದು ಕಚ್ಚಲ್ಲ," ಅಂದ ಅವನು.

ಬೀದಿಯವರೆಲ್ಲ ಅವನನ್ನು ಗೋಂದಣ್ಣ ಅಂತಿದ್ದರು. ಟಿವಿ ರಿಮೋಟು, ಆಟದ ಬೊಂಬೆ, ಹೆಲ್ಮೆಟ್ಟು, ಫ್ಯಾನಿನ ರೆಕ್ಕೆ... ಪ್ಲಾಸ್ಟಿಕ್ಕಿನದು ಏನು ಮುರಿದರೂ ಆ ಕಿರಿದಾದ ಅಂಗಡಿಗೇ ಬರುತ್ತಿತ್ತು.

"ಅದರ ಮೇಲೆ ಹೆಬ್ಬೆಟ್ಟಿನ ಗುರುತಿದೆ," ಅಂದಳು. "ನಮ್ಮನೆಯವರದ್ದು. ಹೋದ ಸಲ ಮುರಿದಾಗ ಅವರೇ ಅಂಟಿಸಿದ್ದು."

"ಹಾಗಾದ್ರೆ ಈ ಸಲವೂ ಅವರೇ ಅಂಟಿಸಬಹುದಲ್ಲ? ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಜನ ಮನೆಮನೆಯಲ್ಲೂ ಇದ್ದಾರೆ." ಅವನು ನಕ್ಕ.

"ಅವರು ಈಗಿಲ್ಲ."

ನಗು ಅರ್ಧಕ್ಕೆ ನಿಂತಿತು. ಅವನು ಹಿಡಿಯನ್ನು ದೀಪದ ಕೆಳಗೆ ತಂದ. ಗಟ್ಟಿಯಾಗಿದ್ದ ಬೂದು ಅಂಟಿನಲ್ಲಿ ಒತ್ತಿದ ಹೆಬ್ಬೆರಳಿನ ಅಚ್ಚು. ಗೆರೆಗಳ ಮೇಲೆ ಓರೆಯಾಗಿ ಹಾದುಹೋದ ಒಂದು ಗಾಯದ ಕಲೆ.

ಬಹಳ ಹೊತ್ತು ನೋಡಿದ. ಆಮೇಲೆ ಬ್ಲೇಡನ್ನು ಕೆಳಗಿಟ್ಟು, ಬಲಗೈ ಮುಷ್ಟಿ ಕಟ್ಟಿ ಮೇಜಿನಡಿಗೆ ಇಳಿಸಿಕೊಂಡ.

"ಕೆರೆಯಲ್ಲ. ಕೆಟಲೂ ಇಲ್ಲೇ ಬಿಟ್ಟು ಹೋಗಿ."

"ಕೆರೆಯದೆ ಕಚ್ಚುತ್ತಾ?"

"ನೋಡೋಣ," ಅಂದ. ಅವಳ ಮುಖ ನೋಡಲಿಲ್ಲ.

ಮನೆಯಲ್ಲಿ ಅವಳು ಮತ್ತು ಅತ್ತೆ, ಇಬ್ಬರೇ. ಗಂಡ ಆಫೀಸಿನ ಮೆಟ್ಟಿಲ ಮೇಲೆ ಕುಸಿದವನು ಮತ್ತೆ ಏಳಲಿಲ್ಲ. ಅವತ್ತು ಬೆಳಿಗ್ಗೆ ಹೋಗಿ ಬರ್ತೀನಿ ಅಂದಿದ್ದ. ಅವಳು ಹಲ್ಲುಜ್ಜುತ್ತಿದ್ದಳು, ಹೂಂ ಅಂದಿದ್ದಳು.

ಬಟ್ಟೆಗಳನ್ನು ನೆಂಟರು ಒಯ್ದರು. ಫೋಟೋಗಳಲ್ಲಿ ಅವನು ಬೇರೆ ಯಾರಿಗೋ ನಗುತ್ತಿದ್ದ. ಮುಟ್ಟಿದರೆ ಸಿಗುತ್ತಿದ್ದದ್ದು ಕೆಟಲಿನ ಹಿಡಿ ಒಂದೇ. ದಿನಾ ಬೆಳಿಗ್ಗೆ ಅವಳ ಹೆಬ್ಬೆರಳು ತಾನಾಗಿ ಆ ಗುಳಿಯಲ್ಲಿ ಹೋಗಿ ಕೂರುತ್ತಿತ್ತು. ನೀರು ಕುದಿಯುವವರೆಗೂ ಅಲ್ಲೇ ಇರುತ್ತಿತ್ತು.

ಮನೆಯಲ್ಲಿ ಏನು ಮುರಿದರೂ ಅವನೇ ಸರಿಮಾಡುತ್ತಿದ್ದ. "ಆಫೀಸಲ್ಲಿ ಊಟದ ಬಿಡುವಲ್ಲಿ ಅಂಟಿಸ್ಕೊಂಡು ಬರ್ತೀನಿ. ಇಲ್ಲಿ ನೀವಿಬ್ಬರೂ ಬಾಯಿ ಹಾಕ್ತೀರಿ," ಎಂದು ಬ್ಯಾಗಿಗೆ ತುಂಬಿಕೊಂಡು ಹೋಗುತ್ತಿದ್ದ. ಸಂಜೆ ತಂದು ಮೇಜಿನ ಮೇಲಿಟ್ಟು ಎದೆಯುಬ್ಬಿಸಿ ನಿಲ್ಲುತ್ತಿದ್ದ. "ಮನೇಲೊಬ್ಬ ಇಂಜಿನಿಯರ್ ಇದ್ರೆ ಹೀಗೆ."

ಆ ಗಾಯ ಅವನಿಗೆ ಯಾವಾಗ ಆಗಿತ್ತು? ಮೊದಮೊದಲು ಅವಳಿಗೆ ನೆನಪಾಗದೆ ಸಂಕಟವಾಗುತ್ತಿತ್ತು. ಆಮೇಲೊಂದು ದಿನ ನೆನಪಾಯಿತು... ಬ್ರೆಡ್ ಕೊಯ್ಯುವಾಗ ಚಾಕು ತಾಗಿತ್ತಲ್ಲ, ರಕ್ತ ಬಂದಿತ್ತಲ್ಲ. ಅದು ನೆನಪೋ, ತಾನೇ ಹೆಣೆದದ್ದೋ, ಅವಳು ಕೇಳಿಕೊಳ್ಳಲಿಲ್ಲ.

ಅವಳ ಕೆಲಸ ಮುದ್ರಣಾಲಯದಲ್ಲಿ ಅಚ್ಚಿನ ತಪ್ಪು ಹುಡುಕುವುದು. ದಿನವಿಡೀ ಬೇರೆಯವರ ತಪ್ಪುಗಳ ಮೇಲೆ ಕೆಂಪು ಗೆರೆ ಎಳೆದು, ಸಂಜೆ ಗೋಂದಣ್ಣನ ಅಂಗಡಿಯ ಮುಂದೆ ನಿಲ್ಲುತ್ತಿದ್ದಳು.

"ಆಯ್ತಾ?"

"ಇಲ್ಲ ಮೇಡಂ. ಗುರುತು ಉಳಿಸಿ ಹೊರಗಡೆಯಿಂದ ಪ್ಲಾಸ್ಟಿಕ್ ಪಟ್ಟಿ ಅಂಟಿಸ್ತಿದ್ದೀನಿ. ನಿಧಾನಕ್ಕೆ ಮಾಡಬೇಕು."

ಅವನ ಬಲ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ಏನಾಯ್ತು ಬೆರಳಿಗೆ?"

"ಏನಿಲ್ಲ. ಅಂಟಿನ ಕೆಲಸ... ಬೇಗ ಮಾಯಲ್ಲ."

ಮುಂದಿನ ಸಂಜೆ ಅವಳು ರಿಮೋಟಿನ ಮುಚ್ಚಳ ಒಯ್ದಳು. ಅದರ ಮುಂದಿನ ವಾರ ಅತ್ತೆಯ ಕನ್ನಡಕದ ಡಬ್ಬಿ. ಅವನು ಸ್ಟೂಲು ಸರಿಸಿ ಕೊಡುತ್ತಿದ್ದ. ಅವಳು ಕೂತು ನೋಡುತ್ತಿದ್ದಳು. ಅವನು ತುಂಡುಗಳನ್ನು ಮೊದಲು ಅಂಟಿಲ್ಲದೆ ಜೋಡಿಸಿ ನೋಡುತ್ತಿದ್ದ, ಉಸಿರು ಬಿಗಿಹಿಡಿದು. ಅವನು ಉಸಿರು ಬಿಟ್ಟಾಗಲೇ ತಾನೂ ಬಿಡುತ್ತಿದ್ದೇನೆ ಎಂದು ಅವಳಿಗೆ ಒಂದು ದಿನ ಗೊತ್ತಾಯಿತು.

"ಊರಿನದ್ದೆಲ್ಲ ಅಂಟಿಸ್ತಾನೆ ನಮ್ಮ ಗೋಂದಣ್ಣ," ಪಕ್ಕದ ಅಂಗಡಿಯ ದರ್ಜಿ ಅಲ್ಲಿಂದಲೇ ಕೂಗಿದ. "ಹೆಂಡ್ತಿ ಬಿಟ್ಟು ಹೋದಾಗ ಮಾತ್ರ ಟ್ಯೂಬು ಖಾಲಿ ಆಗಿತ್ತು."

"ನಿನ್ನ ಬಾಯಿಗೆ ಹಾಕಿ ಖಾಲಿ ಆಯ್ತು. ಆದ್ರೂ ಕಚ್ಚಲಿಲ್ಲ ನೋಡು," ಅಂದ ಅವನು ತಲೆಯೆತ್ತದೆ.

ಅವಳ ತುಟಿ ಅಲುಗಿತು. ನಕ್ಕೆನಾ? ಗೊತ್ತಾಗಲಿಲ್ಲ. ಎಲ್ಲರೂ ಗೋಂದಣ್ಣ ಎಂದು ಕರೆಯುವಾಗ, ಆ 'ಅಣ್ಣ' ತನ್ನ ನಾಲಿಗೆಗೆ ಮಾತ್ರ ಬರುತ್ತಿಲ್ಲ ಎನ್ನುವುದು ಮಾತ್ರ ಗೊತ್ತಾಯಿತು.

ಅತ್ತೆ ಎಲ್ಲ ನೋಡುತ್ತಿದ್ದರು.

"ಇನ್ನು ಮನೇಲಿ ಮುರಿಯೋಕೆ ಏನೂ ಉಳಿದಿಲ್ಲ ಕಣಮ್ಮ," ಅಂದರು ಒಂದು ಬೆಳಿಗ್ಗೆ. "ನನ್ನ ಸೊಂಟ ಒಂದಿದೆ. ಬೇಕಾದ್ರೆ ತಗೊಂಡು ಹೋಗು."

ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಸೋಪಿನ ಡಬ್ಬಿಯ ಮುಚ್ಚಳ ಕೈಗೆತ್ತಿಕೊಂಡಳು. ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದಳು. ಅದು ಸುಲಭಕ್ಕೆ ಮುರಿಯಲಿಲ್ಲ. ಮುರಿದಾಗ ಅವಳ ಎದೆ ಕಳ್ಳತನ ಮಾಡಿದಂತೆ ಹೊಡೆದುಕೊಳ್ಳುತ್ತಿತ್ತು.

ಸಂಜೆ ಅವನು ಆ ಎರಡು ತುಂಡುಗಳನ್ನು ದೀಪಕ್ಕೆ ಹಿಡಿದ.

"ಹೇಗೆ ಒಡೀತು?"

"ಕೈಜಾರಿ ಬಿತ್ತು."

ಅವನು ಮುರಿದ ಅಂಚಿನ ಮೇಲೆ ಉಗುರು ಆಡಿಸಿದ. ನೀಲಿ ಪ್ಲಾಸ್ಟಿಕ್ಕು ಅಂಚಿನುದ್ದಕ್ಕೂ ಬಿಳಿಚಿಕೊಂಡಿತ್ತು.

"ಬಿದ್ದು ಒಡೆದರೆ ಹೀಗೆ ಬೆಳ್ಳಗಾಗಲ್ಲ," ಅಂದ ಮೆಲ್ಲಗೆ. "ಬಗ್ಗಿಸಿದ್ರೆ ಆಗುತ್ತೆ."

ಅವಳ ಕಿವಿ ಬಿಸಿಯಾಯಿತು. ಎದ್ದು ಹೋಗಿಬಿಡಬೇಕು ಅನ್ನಿಸಿತು. ಸ್ಟೂಲಿನಂಚು ಹಿಡಿದು ಕೂತೇ ಇದ್ದಳು.

ಅವನು ತುಂಡುಗಳನ್ನು ಪಕ್ಕಕ್ಕಿಟ್ಟ. ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆಯ ತುದಿ ಹುಡುಕಿ ಬಿಚ್ಚತೊಡಗಿದ.

"ನೀವು ಇಲ್ಲಿಗೆ ಬರೋಕೆ ಅಂತ ಒಂದು ವಸ್ತು ಮುರಿದ ಮೇಲೆ... ನಾನು ಇದನ್ನ ಮುಚ್ಚಿಟ್ಟುಕೊಂಡು ಕೂರೋದು ತಪ್ಪಾಗುತ್ತೆ."

ಬೆರಳಿನಲ್ಲಿ ಹೊಸ ಗಾಯ ಇರಲಿಲ್ಲ. ಹಳೆಯದೊಂದು ಕಲೆ ಇತ್ತು. ಓರೆಯಾಗಿ, ಗೆರೆಗಳ ಮೇಲೆ ಹಾದುಹೋಗಿತ್ತು.

ಅವಳು ನೋಡಿದಳು. ಅಚ್ಚಿನ ತಪ್ಪು ಹುಡುಕುವ ಕಣ್ಣು. ಒಂದೇ ನೋಟ ಸಾಕಾಯಿತು.

"ಅವರು ಇಲ್ಲಿಗೇ ತರ್ತಿದ್ರು ಮೇಡಂ. ಮಧ್ಯಾಹ್ನ, ಬ್ಯಾಗಲ್ಲಿ ಹಾಕ್ಕೊಂಡು. ಮನೇಲಿ ನಾನೇ ಇಂಜಿನಿಯರ್ರು, ಮರ್ಯಾದೆ ಕಳೀಬೇಡಿ ಅಂತಿದ್ರು. ನಾನು ನುಣ್ಣಗೆ ಉಜ್ಜೋಕೆ ಹೋದ್ರೆ ತಡೀತಿದ್ರು. ಸ್ವಲ್ಪ ಒರಟಾಗೇ ಇರಲಿ, ಚೆನ್ನಾಗಿದ್ರೆ ಅವಳು ನಂಬಲ್ಲ... ಅಂತ. ಅದಕ್ಕೇ ಹೆಬ್ಬೆಟ್ಟು ಒತ್ತಿ ಹಾಗೇ ಬಿಟ್ಟೆ."

ಅವಳ ಕಣ್ಣು ಆ ಬೆರಳಿನ ಮೇಲೇ ಇತ್ತು.

"ಅವರು ಬರೋದು ನಿಲ್ಲಿಸಿದಾಗ ಬೇರೆ ಅಂಗಡಿ ಹಿಡಿದಿರಬೇಕು ಅಂದ್ಕೊಂಡಿದ್ದೆ. ನೀವು ಬಂದ ದಿನ ಗೊತ್ತಾಯ್ತು. ನಿಮ್ಮ ಹತ್ರ ಉಳಿದದ್ದು ಅದೊಂದೇ ಅನ್ನೋದೂ ಗೊತ್ತಾಯ್ತು. ಹೇಗೆ ಹೇಳಲಿ..."

ವರ್ಷದಿಂದ ದಿನಾ ಬೆಳಿಗ್ಗೆ... ಈ ಬೆರಳು. ಯಾರೋ ಒಬ್ಬನ ಬೆರಳು.

ಅವಳು ಎದ್ದಳು. ಕೆಟಲ್ ಕೇಳಲಿಲ್ಲ. ಸೋಪಿನ ಡಬ್ಬಿಯ ತುಂಡುಗಳನ್ನು ಮಾತ್ರ ಎತ್ತಿಕೊಂಡು, ಎರಡೂ ಮುಷ್ಟಿಯಲ್ಲಿ ಒಂದೊಂದು ಹಿಡಿದು ನಡೆದಳು.

ಮನೆಯಲ್ಲಿ ಅವಳು ನೇರ ಗಂಡನ ಮೇಜಿನ ಖಾನೆ ಎಳೆದಳು. ಅವನ ಅಂಟಿನ ಟ್ಯೂಬುಗಳು ಅಲ್ಲೇ ಇದ್ದವು. ಒಂದೊಂದನ್ನೇ ತೆಗೆದು ಮುಚ್ಚಳ ತಿರುಗಿಸಿದಳು. ಒಂದರ ಮೂತಿಯನ್ನೂ ಚುಚ್ಚಿರಲಿಲ್ಲ.

ಇಷ್ಟು ದಿನ ಧೂಳು ಒರೆಸಲು ಇದೇ ಖಾನೆ ತೆಗೆಯುತ್ತಿದ್ದಳು.

"ಏನು ಹುಡುಕ್ತಿದ್ದೀಯ?" ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಅವರು ಏನೂ ಅಂಟಿಸ್ತಿರಲಿಲ್ಲ ಅತ್ತೆ. ಎಲ್ಲ ಅಂಗಡೀಲಿ ಮಾಡಿಸ್ತಿದ್ರು."

ಅತ್ತೆಯ ಮುಖದಲ್ಲಿ ಅಚ್ಚರಿ ಬಂತು. ಬೇರೆ ಅಚ್ಚರಿ.

"ನಿನಗೆ ಗೊತ್ತಿರಲಿಲ್ವಾ? ಅವನಿಗೆ ಒಂದು ಮೊಳೆ ನೆಟ್ಟಗೆ ಹೊಡೆಯೋಕೆ ಬರ್ತಿರಲಿಲ್ಲ. ಗೋಡೆ ಬಿಟ್ಟು ಕೈಗೇ ಹೊಡ್ಕೊಳ್ತಿದ್ದ. ನಾವಿಬ್ಬರೂ ಸೇರಿ ಅವನ ಮಾನ ಕಾಯ್ತಿದ್ದೀವಿ ಅಂದ್ಕೊಂಡಿದ್ದೆ ನಾನು."

ಅತ್ತೆ ನಗಲು ಹೊರಟರು. ನಗು ನಡುದಾರಿಯಲ್ಲಿ ಬೇರೇನೋ ಆಯಿತು. ಸೆರಗು ಬಾಯಿಗೆ ಒತ್ತಿಕೊಂಡು ಹಾಸಿಗೆಯ ಅಂಚಿಗೆ ಕೂತರು.

ಅವಳು ಪಕ್ಕದಲ್ಲಿ ಕೂತು ಗಂಡನ ಹೆಬ್ಬೆರಳನ್ನು ನೆನಪಿಸಿಕೊಳ್ಳಲು ನೋಡಿದಳು. ಉಗುರು ಹೇಗಿತ್ತು? ಗೆರೆಗಳು? ಬ್ರೆಡ್ ಕೊಯ್ದ ಚಾಕು ನೆನಪಾಯಿತು, ಅದು ಸುಳ್ಳು. ನಿಜವಾದದ್ದು ಒಂದೂ ಬರಲಿಲ್ಲ. ಅಳು ಬರಬಹುದು ಎಂದು ಕಾದಳು. ಅದೂ ಬರಲಿಲ್ಲ.

ಆ ವಾರವೂ ಪಾತ್ರೆಯಲ್ಲೇ ನೀರು ಕಾಯಿಸಿದರು. ಚಹಾ ಚಹಾದ ಹಾಗೇ ಇತ್ತು.

"ಕೆಟಲ್ ಅಲ್ಲೇ ಬಿಟ್ಟುಬಿಡ್ತೀಯಾ?" ಅತ್ತೆ ಒಂದು ದಿನ ಲೋಟ ನೋಡುತ್ತಾ ಕೇಳಿದರು. "ಮುರಿದದ್ದು ಮುರೀತು. ಅಲ್ಲಿ ಮಾಡಿಸಿ ತಂದವನು ನನ್ನ ಮಗನೇ ತಾನೇ? ಆ ಅಂಗಡಿ ಬಾಗಿಲಿಗೆ ಹೋಗೋಕೆ ಅವನಿಗೆ ನಾಚಿಕೆ ಇರಲಿಲ್ಲ. ನಿನಗ್ಯಾಕೆ?"

ಅವಳು ಅಂಗಡಿಗೆ ಹೋದಾಗ ಅವನು ಯಾರದೋ ಕುರ್ಚಿಯ ಕಾಲಿಗೆ ದಾರ ಬಿಗಿಯುತ್ತಿದ್ದ. ಅವಳನ್ನು ಕಂಡು ಎದ್ದುನಿಂತ. ಸ್ಟೂಲು ಸರಿಸಲೋ ಬೇಡವೋ ಎಂದು ಗೊತ್ತಾಗದೆ ಸುಮ್ಮನೆ ಅದನ್ನು ಮುಟ್ಟಿದ.

ಹಿಡಿ ಅವನ ಮೇಜಿನ ಮೇಲೇ ಇತ್ತು. ಹೊರಗಿನ ಪಟ್ಟಿ ಅರ್ಧಕ್ಕೆ ನಿಂತಿತ್ತು. ಗುರುತು ಹಾಗೇ ಇತ್ತು.

"ಕೆರೆಯಿರಿ," ಅಂದಳು.

"ಮೇಡಂ..."

"ಹಳೇದು ಕೆರೆಯದೆ ಹೊಸದು ಕಚ್ಚಲ್ಲ ಅಂದಿರಲ್ಲ. ಕೆರೆಯಿರಿ. ಅದು ಅವರದ್ದಲ್ಲ."

ಅವನು ಬ್ಲೇಡು ತೆಗೆದುಕೊಂಡ. ಅವಳು ಸ್ಟೂಲಿನ ಮೇಲೆ ಕೂತಳು. ಮೊದಲ ಗೀರಿಗೆ ಕಣ್ಣು ಮುಚ್ಚಿಕೊಂಡಳು, ಆಮೇಲೆ ತೆರೆದಳು. ಬೂದು ಪುಡಿ ಕಾಗದದ ಮೇಲೆ ಉದುರುತ್ತಿತ್ತು. ಗೆರೆಗಳು ಹೋದವು. ಕಲೆ ಹೋಯಿತು. ಕೊನೆಗೆ ಬರೀ ಪ್ಲಾಸ್ಟಿಕ್ಕು ಉಳಿಯಿತು.

"ಅವತ್ತು ಇದನ್ನ ಒತ್ತುವಾಗ ಅವರು ಇಲ್ಲೇ ನಿಂತಿದ್ರು," ಅಂದ ಅವನು ಪುಡಿಯನ್ನು ಊದದೆ ಕಾಗದದೊಳಗೆ ಮಡಿಸುತ್ತಾ. "ಕೈ ತಾಗೋ ಕಡೆ ಎಲ್ಲೂ ಚೂಪು ಉಳೀಬಾರದು, ಅವಳು ಕಣ್ಣು ಮುಚ್ಚಿಕೊಂಡೇ ಚಹಾ ಮಾಡೋದು ಅಂದಿದ್ರು. ಒರಟು ಅಂದದ್ದು ನೋಟಕ್ಕೆ ಮಾತ್ರ."

ಅವಳು ಕೈ ಚಾಚಿ ಹಿಡಿಯ ಒಳಬದಿಯ ಮೇಲೆ ಹೆಬ್ಬೆರಳು ಆಡಿಸಿದಳು.

ಅವನು ಎರಡು ಬಗೆಯ ಅಂಟಿನ ಉಂಡೆಗಳನ್ನು ಕಲಸಿ ಬಿರುಕಿಗೆ ತುಂಬಿದ. ಹಿಡಿಯನ್ನು ಕೆಟಲಿಗೆ ಜೋಡಿಸಿದ.

"ಆ ಕಡೆ ಒತ್ತಿ ಹಿಡೀರಿ. ಅಲುಗಬಾರದು."

ಅವಳು ಹಿಡಿದಳು. ಈ ಕಡೆ ಅವನ ಕೈ, ಆ ಕಡೆ ಅವಳದ್ದು. ನಡುವೆ ಕೆಟಲು.

"ಗಟ್ಟಿ ಇರುತ್ತಾ?" ಕೇಳಿದಳು.

"ಸುಳ್ಳು ಹೇಳಲ್ಲ. ಬಿಸಿ ತಾಗೋ ಜಾಗ. ಯಾವ ಅಂಟೂ ಪೂರ್ತಿ ನಿಲ್ಲಲ್ಲ. ಮತ್ತೆ ಬಿಡುತ್ತೆ."

"ನನ್ನ ಹತ್ರ ಏನೂ ಉಳಿದಿಲ್ಲ," ಅಂದಳು ಇದ್ದಕ್ಕಿದ್ದಂತೆ. "ಒಳಗೆಲ್ಲ ಮರಗಟ್ಟಿದೆ. ನೀವು ಏನಾದ್ರೂ ಅಂದ್ಕೊಂಡಿದ್ರೆ... ನನಗೆ ಕೊಡೋಕೆ ಆಗಲ್ಲ."

"ನಾನು ಕೇಳಿಲ್ವಲ್ಲ."

"ಕೇಳಿಲ್ಲ."

ಪಕ್ಕದಲ್ಲಿ ದರ್ಜಿಯ ಯಂತ್ರ ಓಡಿತು, ನಿಂತಿತು. ಬೀದಿಯಲ್ಲಿ ಯಾರೋ ಯಾರನ್ನೋ ಊಟಕ್ಕೆ ಕರೆದರು.

"ಮತ್ತೆ ಬಿಟ್ಟರೆ?" ಕೇಳಿದಳು.

"ಮತ್ತೆ ತನ್ನಿ."

"ಬಿಡದೇ ಇದ್ರೆ?"

ಅವನು ಕೆಟಲಿನ ಮೇಲಿನ ಕೈ ಸಡಿಲಿಸದೆ ತಲೆಯೆತ್ತಿದ.

"ಆಗಲೂ ಬನ್ನಿ. ಏನನ್ನೂ ಮುರೀಬೇಡಿ. ಸುಮ್ಮನೆ ಬನ್ನಿ."

ಅವಳು ಹೂಂ ಅನ್ನಲಿಲ್ಲ. ಹಿಂದೊಮ್ಮೆ, ಹಲ್ಲುಜ್ಜುತ್ತಾ, ನೋಡದೆಯೇ ಹೂಂ ಅಂದಿದ್ದಳು. ಈ ಸಲ ಅವನ ಮುಖವನ್ನೇ ನೋಡಿದಳು. ಕಣ್ಣಂಚಿನಲ್ಲಿ ಅಂಟಿನ ಪುಡಿ ಇತ್ತು. ಒರೆಸಲು ಕೈ ಖಾಲಿ ಇರಲಿಲ್ಲ.

"ಒಣಗಿತಾ?" ಕೇಳಿದಳು ಬಹಳ ಹೊತ್ತಿನ ಮೇಲೆ.

"ಇನ್ನೂ ಇಲ್ಲ."

ಅವಳ ಬೆರಳಿನಡಿ ಅಂಟು ಆಗಲೇ ಕಲ್ಲಾಗಿತ್ತು.

"ಹೌದು," ಅಂದಳು. "ಇನ್ನೂ ಇಲ್ಲ."