ಬೆರಳು ತಾಗದ ಮುದ್ದೆ

"ಸೊಸೆ ವಿಷ ಹಾಕವ್ಳೆ!" ಕಿರಾಣಿ ಅಂಗಡಿಯ ಷಡಕ್ಷರಪ್ಪನ ಕೂಗು ಜಾವಗಲ್ಲಿನ ಆ ಬೀದಿಗೆಲ್ಲ ಕೇಳಿಸಿತು. ರಕ್ತ ಕಾರಿಕೊಂಡು ಬಿದ್ದ ಅವನ ಅಕ್ಕ ದೇವೀರಮ್ಮನನ್ನು ಗಂಡ ತಿಮ್ಮಯ್ಯ ಜೀಪಿನಲ್ಲಿ ಹಾಸನದ ಆಸ್ಪತ್ರೆಗೆ ಒಯ್ದಿದ್ದ. ಮಗ ಮಂಜುನಾಥ ತನ್ನ ಹೆಂಡತಿ ಲತಾಮಣಿಯನ್ನು ಕೋಣೆಗೆ ತಳ್ಳಿ ಚಿಲಕ ಹಾಕಿದ್ದ. ಪೊಲೀಸರನ್ನು ಕರೆಸುವ ಮಾತು ನಡೆದಿತ್ತು.

ಲತಾಮಣಿಯ ತಂಗಿ ಚಿತ್ರಾ ನಿವೃತ್ತ ನರ್ಸು ಕಮಲಾಕ್ಷಮ್ಮನ ಮನೆಗೆಲಸದವಳು. ಊರಿನ ಎಷ್ಟೋ ಸಿಕ್ಕುಗಳನ್ನು ಆಕೆ ಬಿಡಿಸಿದ್ದನ್ನು ಕಂಡಿದ್ದಳು. ಅಲ್ಲಿಗೇ ಓಡಿದಳು.

"ಅಕ್ಕನ್ನ ಹಿಡ್ಕೊಂಡೋಯ್ತಾರೆ ಕಣಮ್ಮಾ!"

"ಅತ್ರೆ ಕಣ್ಣು ಕಾಣಲ್ಲ ಕಣೇ. ಬಾ, ನೋಡೋಣ."

ಅಡಿಗೆಮನೆಯಲ್ಲಿ ದೇವೀರಮ್ಮನ ತಟ್ಟೆ ಇಟ್ಟಲ್ಲೇ ಇತ್ತು. ಗುಂಡಗಿನ ಮುದ್ದೆ ಆರಿ ಮೇಲೆ ಒಣಪೊರೆ ಕಟ್ಟಿತ್ತು, ಸುತ್ತ ಸೊಪ್ಪಿನ ಸಾರು. ಮೊಳೆಗೆ ನೇತುಹಾಕಿದ್ದ ದೇವೀರಮ್ಮನ ಎಲೆಅಡಿಕೆ ಚೀಲದ ತಳದಲ್ಲಿ ಚಿತ್ರಾಳ ಬೆರಳಿಗೆ ಸಿಕ್ಕಿದ್ದು ಕತ್ತರಿಸಿದ ಮಾತ್ರೆಪಟ್ಟಿಗಳು: ಕೆಂಪು, ಬಿಳಿ, ಹಳದಿ. ಕಮಲಾಕ್ಷಮ್ಮ ಪಟ್ಟಿಯ ಅಕ್ಷರ ಓದಿದವರೇ ಎಸ್‌ಟಿಡಿ ಬೂತಿನಿಂದ ಹಾಸನದ ಆಸ್ಪತ್ರೆಗೆ ಫೋನು ಮಾಡಲು ನಡೆದರು.

ಮರಳಿ ಬಂದು ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿದರು.

"ಬಿಳೀದು ಯಾರು ಕೊಟ್ಟಿದ್ದು?"

"ನಾನೇ," ಎಂದಳು ಪಕ್ಕದ ಮನೆಯ ಹನುಮಮ್ಮ. "ಮಂಡಿನೋವು ಅಂದ್ಲು. ಎಲೆಅಡಿಕೆ ಕೊಟ್ಟಂಗೆ ಕೊಟ್ಟೆ. ಅದ್ರಾಗೇನೈತೆ?"

ಹಳದಿಯದನ್ನು ಮಂಜುನಾಥ ತಾಯಿಯ ಸೊಂಟನೋವಿಗೆಂದು ಅರಸೀಕೆರೆಯಿಂದ ತಂದಿದ್ದ.

"ಕೆಂಪು ಮಾತ್ರೆ ನಿನ್ನ ಅಂಗಡೀದು ಅಲ್ವಾ ಷಡಕ್ಷರಪ್ಪ?"

"ಊರೇ ನುಂಗ್ತದೆ ಕಣ್ರೀ, ಯಾರು ಸತ್ತವ್ರೆ?" ಎಂದ ಅವನ ಹಣೆ ಬೆವರಿತ್ತು.

"ಚಿತ್ರಾ, ಆ ತಟ್ಟೇಲಿ ಏನು ಕಂಡೆ? ಹೇಳು."

ನಾಲ್ಕು ಜನರೆದುರು ಬಾಯಿ ತೆರೆಯದ ಹುಡುಗಿ ಅವಳು. ಒಳಗೆ ಅಕ್ಕ ಬಿಕ್ಕುವುದು ಕೇಳಿಸಿತು. "ಮುದ್ದೇಲಿ ಬೆರಳಿನ ಗುಳಿ ಇಲ್ಲ ಕಣಮ್ಮ. ದೇವೀರಮ್ಮ ಉಂಡೇ ಇಲ್ಲ."

"ಕೇಳಿದ್ರಾ? ಸಾರಿಗೆ ಗುಳಿ ಒತ್ತದೆ ಮುದ್ದೆ ಉಣ್ಣೋರುಂಟಾ? ಹೊಟ್ಟೆಗೇ ಹೋಗದ ಊಟದಲ್ಲಿ ಇನ್ನೆಲ್ಲಿ ವಿಷ? ಬಣ್ಣ ಮೂರಾದ್ರೂ ಮದ್ದು ಒಂದೇ ಜಾತಿ, ನೋವಿಂದು. ಮಂಡಿಗೊಂದು, ಸೊಂಟಕ್ಕೊಂದು, ತಲೆಗೊಂದು ಅಂತ ಮೂರನ್ನೂ ಬರೀ ಹೊಟ್ಟೇಲಿ ನುಂಗಿದಾರೆ. ಒಂದಿನದ್ದಲ್ಲ, ತಿಂಗಳಾಯ್ತಂತೆ. ಹೊಟ್ಟೆ ಹುಣ್ಣಾಗಿ ರಕ್ತ ಸೋರಿದೆ. ಡಾಕ್ಟ್ರು ಕೇಳಿದ್ದಕ್ಕೆ ದೇವೀರಮ್ಮನೇ ಒಪ್ಕೊಂಡ್ರಂತೆ. ರಕ್ತ ನಿಂತಿದೆ, ಜೀವಕ್ಕೇನೂ ಇಲ್ಲ."

ಮಂಜುನಾಥ ಎದ್ದು ಚಿಲಕ ತೆಗೆದ. "ಬಾರೇ, ಏನೂ ಆಗಿಲ್ಲ."

ಲತಾಮಣಿ ಅವನನ್ನು ದಾಟಿ ಬಂದು ತಂಗಿಯ ಕೈ ಹಿಡಿದಳು.

"ತವರಿಗೆ ಹೋಗೋ ಬಸ್ಸು ಎಷ್ಟೊತ್ತಿಗೈತೆ ಚಿತ್ರಾ?"