ಪಾತ್ರೆಗೆ ಸುರಿದ ಅಮರೋನೆ

ಕಳೆದ ನವೆಂಬರಿನ ಒಂದು ಬುಧವಾರ ಬೆಳಿಗ್ಗೆ ಹತ್ತೂವರೆಗೆ ಪೂರ್ವ ಲಂಡನ್ನಿನ ಠಾಣೆಗೆ ದೂರು ಬಂತು. ಸ್ಟ್ರಾಟ್‌ಫರ್ಡಿನ ‘ಕಡಲ ತಡಿ’ ಹೋಟೆಲಿನಲ್ಲಿ ಆರು ಬಾಟಲಿ ಅಮರೋನೆ, ಅಂದರೆ ಇಟಲಿಯ ದುಬಾರಿ ಕೆಂಪು ವೈನ್, ಕಳವಾಗಿತ್ತು. ಮಾಲೀಕ ಹರ್ಷಿತ್ ಉಡುಪಿಯವನು. ಮರುದಿನ ಕ್ಯಾನರಿ ವಾರ್ಫಿನ ಬ್ಯಾಂಕಿನವರಿಗೆ ಔತಣ ಒಪ್ಪಿಕೊಂಡಿದ್ದ. ಕಳ್ಳನನ್ನು ಇವತ್ತೇ ಹಿಡಿದು ಜೈಲಿಗೆ ಹಾಕಬೇಕೆಂದು ಫೋನಿನಲ್ಲೇ ಹಾರಾಡಿದ.

ತನಿಖೆ ಡಿಟೆಕ್ಟಿವ್ ಸಾರ್ಜೆಂಟ್ ವಾರ್ಡ್ ಪಾಲಿಗೆ ಬಂತು. ವಾರ್ಡ್ ಗಂಡನ ಮನೆಯ ಹೆಸರು. ಈಕೆ ಧಾರವಾಡದ ಡಾಕ್ಟರೊಬ್ಬರ ಮಗಳು ಮಾಳವಿಕಾ. ಜೊತೆಗೆ ಹೊರಟ ಕಾನ್‌ಸ್ಟೇಬಲ್ ಮಾರ್ಕೊನ ತಾಯಿ ವೆರೋನಾ ಕಡೆಯವರು. ಕಾರಿನಲ್ಲಿ ಅವನದ್ದೇ ಮಾತು. ಈ ವೈನಿಗೆ ದ್ರಾಕ್ಷಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಕೂಡಿಹಾಕಿ, ಸುಕ್ಕುಗಟ್ಟಿದ ಮೇಲೆ ಹಿಂಡುತ್ತಾರೆ. ಅದಕ್ಕೇ ಅಷ್ಟು ಖಡಕ್ಕು. ಮೆತ್ತಗೆ ಬೆಂದ ಮಾಂಸ, ಹಳೆಯ ಚೀಸ್ ಜೊತೆಗಿದ್ದರೆ ಸ್ವರ್ಗ. ಮೆಣಸಿನಕಾಯಿಯ ಖಾರ ಜೊತೆಗಿದ್ದರೆ ಗಂಟಲಿಗೆ ಬೆಂಕಿ. ಚಹಾ ಬಿಟ್ಟು ಬೇರೇನೂ ಕುಡಿಯದ ಮಾಳವಿಕಾ ಹ್ಞೂಂಗುಟ್ಟುತ್ತ ಕೂತಳು.

ಹನ್ನೊಂದೂಕಾಲಿಗೆ ಸ್ಥಳ ಪರಿಶೀಲನೆ ಶುರುವಾಯಿತು. ಊರಲ್ಲಾದರೆ ಪಂಚರನ್ನು ಕೂರಿಸಿ ಪಂಚನಾಮೆ ಬರೆಯುತ್ತಿದ್ದರು; ಇಲ್ಲಿ ಮಾರ್ಕೊ ಫೋಟೊ ತೆಗೆದ. ವೈನಿನ ಕಪಾಟಿನ ಬೀಗ ಒಡೆದಿರಲಿಲ್ಲ, ಕೀಲಿಕೈ ಅಡುಗೆಮನೆಯ ಬಾಗಿಲ ಹೊರಗಿನ ಮೊಳೆಗೆ ನೇತಾಡುತ್ತಿತ್ತು. ಅಟ್ಟದ ಕೋಣೆಗೆ ಹೋಗುವ ಮೆಟ್ಟಿಲ ಬಾಗಿಲಿಗೆ ಮಾತ್ರ ಹೊರಗಡೆಯಿಂದ ದೊಡ್ಡ ಬೀಗ.

“ಮೇಲೇನಿದೆ?” ಮಾಳವಿಕಾ ಇಂಗ್ಲಿಷಿನಲ್ಲಿ ಕೇಳಿದಳು.

“ಅಡುಗೆಯವನು ಮಲಗ್ತಾನೆ.”

“ಬೀಗದ ಕೈ?”

“ನನ್ನ ಹತ್ರ,” ಎಂದವನೇ ಹರ್ಷಿತ್ ಮಾತು ತಿರುಗಿಸಿದ.

ಅಷ್ಟರಲ್ಲಿ ಅಡುಗೆಮನೆಯೊಳಗಿನಿಂದ ಮಾರ್ಕೊ ಅಯ್ಯೋ ಎಂದ. ತೊಳೆದಿಟ್ಟ ಆರು ಖಾಲಿ ಬಾಟಲಿಗಳು ಸಾಲಾಗಿ ನಿಂತಿದ್ದವು; ಬೆಳಿಗ್ಗೆಯಿಂದ ಹರ್ಷಿತ್ ಅಲ್ಲಿಗೆ ಇಣುಕಿರಲಿಲ್ಲ. ಒಲೆಯ ಮೇಲಿನ ದೊಡ್ಡ ಪಾತ್ರೆಯಲ್ಲಿ ಕುರಿಮಾಂಸ ಕಡು ಕೆಂಪು ಸಾರಿನಲ್ಲಿ ಕುದಿಯುತ್ತಿತ್ತು. ಆರು ಅಮರೋನೆ ಒಂದೇ ಪಾತ್ರೆಗೆ! ಮಾರ್ಕೊನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಪಕ್ಕದಲ್ಲಿ ಅಡುಗೆಯವನು ಶೀನಪ್ಪ, ಕುಂದಾಪುರದವನು, ಐವತ್ತು ದಾಟಿದವನು, ಸೌಟು ಕೆಳಗಿಟ್ಟು ಎರಡೂ ಕೈ ಮುಂದೆ ಚಾಚಿ ನಿಂತಿದ್ದ.

ಹರ್ಷಿತ್ ಓಡಿಬಂದು ಅಡ್ಡ ನಿಂತ. “ದೂರು ವಾಪಸ್ ತಗೋತೇನೆ. ನಮ್ಮದೇ ಮನುಷ್ಯ, ಬಿಟ್ಟುಬಿಡಿ,” ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡ.

ಬೆಳಿಗ್ಗೆ ಜೈಲು ಜೈಲು ಎಂದವನು ಕಳ್ಳ ಸಿಕ್ಕ ಕೂಡಲೇ ಮೆತ್ತಗಾದದ್ದು ಮಾಳವಿಕಾಗೆ ಸರಿಬೀಳಲಿಲ್ಲ. “ಏಕೆ ಮಾಡಿದ, ಕೇಳಿ ಹೇಳಿ,” ಎಂದಳು.

ವಾರ್ಡ್ ಎಂಬ ಹೆಸರಿನವಳಿಗೆ ಕನ್ನಡ ಎಲ್ಲಿಂದ ಬರಬೇಕೆಂದು ಹರ್ಷಿತ್ ಕನ್ನಡಕ್ಕೆ ತಿರುಗಿದ. “ಶೀನಣ್ಣ, ಬಾಯಿ ಮುಚ್ಚಿಕೊಂಡಿರಿ. ಇವರು ಹಿಡಿದ್ರೆ ಮತ್ತೆ ಊರು ಕಾಣ್ಲಿಕ್ಕಿಲ್ಲ, ಗೊತ್ತುಂಟಲ್ಲ?”

“ಹಿಡೀಲಿ. ವರ್ಷದ್ ಮೇಲಾಯ್ತ್, ಹೊರಗ್ ಕಾಲಿಡುಕ್ ಬಿಡ್ಲಿಲ್ಲ ನೀವ್. ನನ್ನ ಪಾಸ್‌ಪೋರ್ಟ್ ಕೊಡಿ.”

“ಗೊತ್ತಾಗದೆ ಹಾಕಿದನಂತೆ, ಕ್ಷಮೆ ಕೇಳ್ತಿದ್ದಾನೆ,” ಎಂದು ಹರ್ಷಿತ್ ಇಂಗ್ಲಿಷಿನಲ್ಲಿ ಒಪ್ಪಿಸಿದ.

ಮಾಳವಿಕಾ ಎರಡನ್ನೂ ಕೇಳಿಸಿಕೊಂಡಿದ್ದಳು. ಹರ್ಷಿತನನ್ನು ಹೊರಗೆ ನಿಲ್ಲಿಸುವಂತೆ ಮಾರ್ಕೊಗೆ ಹೇಳಿ, ಸ್ಟೂಲು ಎಳೆದು ಶೀನಪ್ಪನ ಎದುರು ಕೂತಳು.

“ಕಾಕಾ, ನಿಮ್ಮ ಮಾತು ನನಗ ತಿಳೀತದ. ಇಷ್ಟೆಲ್ಲಾ ಯಾಕ ಮಾಡಿದ್ರಿ?”

ಶೀನಪ್ಪ ಅವಳ ಬಾಯಲ್ಲಿ ಕನ್ನಡ ಕೇಳಿ ಚಾಚಿದ್ದ ಕೈ ಇಳಿಸಿದ.

“ಹೋದ್ ವರ್ಷ ಗಿರಾಕಿಗಳ್ ಹೊಡ್ದಾಡ್ದಾಗ ಪೊಲೀಸ್ರ್ ಬಂದಿದ್ರ್ ಅಮ್ಮ. ನಾನ್ ಎಲ್ಲ ಹೇಳ್ದೆ. ಇವ್ರೇ ಇಂಗ್ಲಿಷ್ ಮಾಡಿ ಹೇಳಿದ್ರ್. ಪೊಲೀಸ್ರ್ ನಗಾಡ್ಕಂಡ್ ಹೋದ್ರ್. ಪಾತ್ರೆ ತೊಳೂಕ್ ಬತ್ತಿದ್ದ ಗುಲಾಬಿ ಹೇಳಿದ್ಲ್, ಹಿಡ್ಕಂಡ್ ಹೋದ್ರೆ ಮಾತ್ರ ಅವ್ರದ್ದೇ ದುಭಾಷಿ ಕೊಡ್ತ್ರ್ ಅಂದೇಳಿ. ಒಂದ್ ಬಾಟ್ಲಿಗೆ ಹಿಡೀತ್ರೋ ಇಲ್ಯೋ ಅಂದ್ಕಂಡ್ ಆರೂ ಹೊಯ್ದೆ.”

“ಸಿಂಕಿಗೆ ಸುರೀಬಹುದಿತ್ತಲ್ರಿ?”

“ಅಷ್ಟೂ ಹಾಳಾತ್ತಲೆ, ಮಾಂಸಕ್ಕಾರೂ ಆತ್ತ್ ಅಂದೇಳಿ. ನಾಳಿನವ್ರ್ ಖಾರ ಬ್ಯಾಡ ಅಂದಿರ್, ಮೆಣಸಿನಕಾಯಿ ಒಂದೂ ಹಾಕ್ಲಿಲ್ಲ.”

ಹನ್ನೆರಡೂ ಹತ್ತಕ್ಕೆ ಆಧುನಿಕ ಗುಲಾಮಗಿರಿ ಕಾಯ್ದೆಯಡಿ ಹರ್ಷಿತನನ್ನು ಬಂಧಿಸಲಾಯಿತು. ಪಾಸ್‌ಪೋರ್ಟ್ ಅವನ ಗಲ್ಲಾಪೆಟ್ಟಿಗೆಯ ಅಡಿಯಲ್ಲಿತ್ತು. ಮೊದಲಿದ್ದ ಇಬ್ಬರು ಅಡುಗೆಯವರು ಹೇಳದೆ ಕೇಳದೆ ಬಿಟ್ಟುಹೋಗಿದ್ದರು, ಮೂರನೆಯವನೂ ಹೋದರೆ ಹೋಟೆಲು ಮುಳುಗುತ್ತದೆಂದು ಹೆದರಿದೆ ಎಂದು ಆಮೇಲೆ ಹೇಳಿಕೆ ಕೊಟ್ಟ. ಹೆದರಿಕೆ ನಿಜವೇ ಇರಬಹುದು. ಅದಕ್ಕೆ ಇನ್ನೊಬ್ಬನ ಬಾಗಿಲಿಗೆ ಬೀಗ ಹಾಕಿದ.

ಹರ್ಷಿತನ ಕೈಗೆ ಕೋಳ ಬಿದ್ದದ್ದನ್ನು ಕಂಡು ಶೀನಪ್ಪ ಸಮಾಧಾನಪಡಲಿಲ್ಲ; ಇನ್ನಷ್ಟು ಗಾಬರಿಯಾದ. ಇಳಿಸಿದ್ದ ಕೈಗಳನ್ನು ಮತ್ತೆ ಚಾಚಿದ.

“ನನ್ನ ಹಿಡೂದಿಲ್ಯಾ ಅಮ್ಮ? ಹಂಗಾರೆ ನಾನ್ ಇಲ್ಲೇ ಇರ್ಕಾ?”

ಮಾಳವಿಕಾ ಅವನ ಕೈ ಹಿಡಿದು ಕೆಳಗಿಳಿಸಿದಳು. “ಇಲ್ರಿ ಕಾಕಾ. ಕೋಟು ಹಾಕ್ಕೊಳ್ರಿ, ಹೊರಗ ಥಂಡಿ ಅದ.”

ಶೀನಪ್ಪನ ಹತ್ತಿರ ಕೋಟು ಇರಲಿಲ್ಲ. ಹೊರಗೆ ಹೋಗದವನಿಗೆ ಯಾರೂ ಕೊಡಿಸಿರಲಿಲ್ಲ. ಮಾರ್ಕೊ ತನ್ನದನ್ನು ಬಿಚ್ಚಿ ಕೊಟ್ಟ. ಶೀನಪ್ಪ ಗ್ಯಾಸ್ ಆರಿಸಿ, ಪಾತ್ರೆಗೆ ಮುಚ್ಚಳ ಹಾಕಿ, ಹಿಂದೆ ತಿರುಗಿ ನೋಡದೆ ಬಾಗಿಲು ದಾಟಿದ.