ತಾರೀಖಿಲ್ಲದ ಸೆಲ್ಲು

"ಕಳ್ಳ ನನ್ಮಗನೇ! ನಿನ್ನ ಅಂಗಡಿಗೆ ಕೀ ಕಳಿಸಿದೆನಲ್ಲ, ನನಗೆ ಬುದ್ಧಿ ಇಲ್ಲ!"

ಇನ್ಸ್‌ಪೆಕ್ಟರ ಜೊತೆ ಜೀಪಿನಿಂದ ಇಳಿದ ವಕೀಲರ ಕೂಗಿಗೆ ಅಂಗಡಿಯ ಮುಂದಿದ್ದ ಗಿರಾಕಿಗಳೆಲ್ಲ ತಿರುಗಿದರು. ಕೌಂಟರಿನ ಹಿಂದಿದ್ದವನು ತಲೆಯೆತ್ತಿದ. ಎಲ್ಲರೂ ಅವನನ್ನು ಸ್ಕ್ರೂ ಎನ್ನುತ್ತಿದ್ದರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಸೋದರಮಾವನ ಈ ಕೀ ಅಂಗಡಿ ಸೇರಿ ಒಂಬತ್ತು ವರ್ಷವಾಗಿತ್ತು.

ಬೆಳಗಿನ ಜಾವ ವಕೀಲರ ಮನೆ ಮುಂದಿನಿಂದ ಕಾರು ಕಳುವಾಗಿತ್ತು. ಎದುರುಮನೆಯ ಕ್ಯಾಮೆರಾದಲ್ಲಿ ಹೆಲ್ಮೆಟ್ ಹಾಕಿದವನೊಬ್ಬ ರಿಮೋಟ್ ಒತ್ತಿದ್ದ. ಕಾರಿನ ದೀಪ ಮಿನುಗಿತ್ತು. ಗಾಜು ಒಡೆದಿರಲಿಲ್ಲ.

"ನಿನ್ನೆ ರಿಮೋಟ್ ಕೀಯ ಸೆಲ್ ಬದಲಾಯಿಸಿದ್ದು ಇವನೇ, ಇನ್ಸ್‌ಪೆಕ್ಟರ್ರೇ. ನಕಲಿ ಕೀ ಮಾಡ್ಕೊಂಡಿದ್ದಾನೆ. ಹಾಕಿದ ಸೆಲ್ಲೂ ಸತ್ತದ್ದೇ, ನೋಡಿ."

ವಕೀಲರು ಗುಂಡಿ ಒತ್ತಿದರು. ಕೀಯ ಕೆಂಪು ದೀಪ ಹತ್ತಲಿಲ್ಲ.

"ಒಪ್ಕೊಂಡ್ಬಿಡಪ್ಪ. ಭಾವ ಕೇಸು ಹಗುರ ಮಾಡಿಸ್ತಾರೆ," ಎಂದ ಪಕ್ಕದಲ್ಲಿದ್ದ ವಕೀಲರ ಭಾವಮೈದುನ.

ಸ್ಕ್ರೂ ಮಾವನ ಕಡೆ ನೋಡಿದ. ಮಾವ ನೆಲ ನೋಡುತ್ತಿದ್ದ.

"ಅಕ್ಕನ ಮಗ ಅಂತ ಇಟ್ಕೊಂಡೆ ಸಾರ್. ನನಗೇನೂ ಗೊತ್ತಿಲ್ಲ. ಕರ್ಕೊಂಡು ಹೋಗಿ."

ಒಮ್ಮೆ ಜೀಪು ಹತ್ತಿದರೆ ಮುಗಿಯಿತು. ಆಮೇಲೆ ಈ ಊರಿನಲ್ಲಿ ಯಾರು ಅವನ ಕೈಗೆ ಕೀ ಕೊಟ್ಟಾರು? ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ.

"ಎರಡು ನಿಮಿಷ ಆ ಕೀ ಕೊಡಿ ಸಾರ್," ಎಂದ ಇನ್ಸ್‌ಪೆಕ್ಟರಿಗೆ. "ನಿಮ್ಮ ಕಣ್ಣೆದುರಿಗೇ ಬಿಚ್ತೀನಿ."

"ಬಾಯಿ ಮುಚ್ಚೋ!" ಎಂದರು ವಕೀಲರು.

"ಬೈಯೋದಾದ್ರೆ ಆಮೇಲೆ ಬೈರಿ! ಮೊದಲು ನೋಡ್ರಿ!" ಸ್ಕ್ರೂ ಕೌಂಟರಿಗೆ ಗುದ್ದಿದ.

*

ಸಂದಿಗೆ ಸ್ಕ್ರೂಡ್ರೈವರ್ ತೂರಿಸಿದರೂ ಕೀ ಬಿಚ್ಚಿಕೊಳ್ಳದೆ ಒದ್ದಾಡಿಸಿತು. ಕೊನೆಗೆ ಟಪ್ ಎಂದು ಎರಡು ಹೋಳಾಯಿತು. ಒಳಗಿನ ಬಿಲ್ಲೆ ಸೆಲ್ಲನ್ನು ಅವನು ಕಾಗದದ ಮೇಲೆ ಬೀಳಿಸಿದ.

"ಇದು ನಾನು ಹಾಕಿದ್ದಲ್ಲ. ಹಾಕೋ ಪ್ರತಿ ಸೆಲ್ಲಿನ ಬೆನ್ನಿಗೂ ಮಾರ್ಕರಲ್ಲಿ ತಾರೀಖು ಬರೀತೀನಿ. ಗ್ಯಾರಂಟಿ ಅಂತ ಜಗಳಕ್ಕೆ ಬರ್ತಾರಲ್ಲ, ಅದಕ್ಕೆ."

"ಅಳಿಸಿಹೋಗಿರಬಹುದು," ಎಂದ ಭಾವಮೈದುನ.

"ಬಿಚ್ಚಿದ ಗೀರೂ ಅಳಿಸಿಹೋಗುತ್ತಾ? ಈ ಸಂದಿಗೆ ಸ್ಕ್ರೂಡ್ರೈವರ್ ಬಿದ್ದದ್ದು ಈಗಲೇ, ಮೊದಲ ಸಲ. ಇದು ನಿನ್ನೆಯ ಕೀನೇ ಅಲ್ಲ. ವಕೀಲರೇ, ನಿಮ್ಮ ಎರಡನೇ ಕೀ ಎಲ್ಲಿದೆ?"

"ಬೀರುವಲ್ಲಿ. ಮೂರು ವರ್ಷದಿಂದ ಮುಟ್ಟಿಲ್ಲ."

ಇನ್ಸ್‌ಪೆಕ್ಟರು ಫೋನ್ ಮಾಡಿಸಿದರು. ಬೀರು ತಡಕಾಡಿದ ವಕೀಲರ ಹೆಂಡತಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಡಬ್ಬಿ ಇದೆ ಕಣ್ರೀ. ಕೀ ಇಲ್ಲ."

ಇನ್ಸ್‌ಪೆಕ್ಟರ ದನಿ ಇಳಿಯಿತು. "ನಿನ್ನೆ ಅಂಗಡಿಗೆ ಕೀ ತಂದವರು ಯಾರು?"

"ಇವರು," ಸ್ಕ್ರೂ ಭಾವಮೈದುನನತ್ತ ಬೆರಳು ತೋರಿಸಿದ. "ದೀಪ ಹತ್ತೋದು ನೋಡ್ಕೊಂಡೇ ತಗೊಂಡು ಹೋದರು. ದಾರೀಲಿ ಅದನ್ನ ಜೇಬಿಗೆ ಹಾಕ್ಕೊಂಡು, ಬೀರುವಿಂದ ಕದ್ದ ಸತ್ತ ಕೀನ ಗೊಂಚಲಿಗೆ ಸಿಗಿಸಿ ಭಾವನಿಗೆ ಕೊಟ್ಟಿದ್ದಾರೆ. ಕಾರು ಹೋಗುತ್ತೆ, ಕೀ ಸತ್ತಿರುತ್ತೆ, ಬೈಗುಳ ಯಾರಿಗೆ? ಅಂಗಡಿಯವನಿಗೆ."

"ಜೇಬಲ್ಲಿರೋದೆಲ್ಲ ತೆಗೀರಿ," ಎಂದರು ಇನ್ಸ್‌ಪೆಕ್ಟರು.

"ಭಾವ, ಇವನ ಮಾತು ಕೇಳ್ಕೊಂಡು..."

"ತೆಗೀರಿ ಅಂದೆ."

ಕರ್ಚೀಫು ಬಂತು. ಚಿಲ್ಲರೆ ಬಂತು. ಕೊನೆಗೆ ಕೀ ಬಂತು. ಸಂದಿಯಲ್ಲಿ ಹಳೆಯ ಗೀರು. ಒಳಗೆ ಸೆಲ್ಲಿನ ಬೆನ್ನ ಮೇಲೆ ನಿನ್ನೆಯ ತಾರೀಖು, ಸ್ಕ್ರೂವಿನ ಸೊಟ್ಟ ಅಕ್ಷರದಲ್ಲಿ.

"ಕಾರು ಗೆಳೆಯನ ಶೆಡ್ಡಲ್ಲಿದೆ ಭಾವ," ಎಂದ ಭಾವಮೈದುನ. "ಸಂಜೆ ಮಾರೋದಿತ್ತು."

*

ವಕೀಲರು ಆ ಕೀಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. ಆಮೇಲೆ ಇನ್ಸ್‌ಪೆಕ್ಟರ ಭುಜ ಹಿಡಿದು ಪಕ್ಕಕ್ಕೆ ಕರೆದರು.

"ಮನೆ ವಿಷಯ. ಮನೇಲೇ ಮುಗಿಸ್ಕೋತೀವಿ."

"ಹಾಗಾದ್ರೆ ಕಂಪ್ಲೇಂಟು?"

"ವಾಪಸ್."

ಇನ್ಸ್‌ಪೆಕ್ಟರು ಪುಸ್ತಕ ಮುಚ್ಚಿದರು. ನಿಜವಾದ ಕಳ್ಳ ತನ್ನ ಭಾವನ ಪಕ್ಕದಲ್ಲೇ ಜೀಪಿನಲ್ಲಿ ಕೂತ, ಕಾರು ತರಲು. ಕಳ್ಳ ಎಂದು ಕರೆಸಿಕೊಂಡವನ ಕಡೆ ಒಬ್ಬರೂ ನೋಡಲಿಲ್ಲ. ಒಬ್ಬ ಗಿರಾಕಿ ಮಾತ್ರ ಕೌಂಟರಿನ ಮೇಲಿಟ್ಟಿದ್ದ ತನ್ನ ಕೀಯನ್ನು ಮೆಲ್ಲಗೆ ಎತ್ತಿಕೊಂಡು ಹೊರಟ. ಯಾಕೆ ಬೇಕು ಉಸಾಬರಿ ಎನ್ನುವ ಮುಖ.

ಮಾವನಿಗೆ ಈಗ ದನಿ ಬಂತು.

"ಲೋ, ವಕೀಲರು ಇಪ್ಪತ್ತು ವರ್ಷದ ಗಿರಾಕಿ ಕಣೋ. ಎದುರು ಮಾತಾಡಿದ್ದೀಯ. ಜೀಪು ಹೊರಡೋಕೆ ಮೊದಲು ಹೋಗಿ ತಪ್ಪಾಯ್ತು ಅನ್ನು. ಏನೋ, ಕೇಳಿಸ್ತಾ?"

ಸ್ಕ್ರೂ ಕೈ ಒರೆಸಿಕೊಂಡ. ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದ. ಜೀಪನ್ನು ದಾಟಿ, ಬಿಸಿಲಿನಲ್ಲಿ ನಡೆದುಹೋದ.